ಊಟದ ಹೊತ್ತಿನ ನೂರು ಪರ್ಸೆಂಟ್

"ಕಾರ್ಡ್ ಹಾಳು ಮಾಡಿದ್ದು ನೀನು. ಒಪ್ಕೊಂಡ್ರೆ ಮುಗೀತು."

"ನಾನಲ್ಲ ಅಂತ ಎಷ್ಟು ಸಲ ಹೇಳ್ಲಿ ನಿಮ್ಗೆ?"

ಚನ್ನಗಿರಿ ಬಸ್‌ಸ್ಟ್ಯಾಂಡ್ ಎದುರಿನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವಳು ಸುಚಿತ್ರಾ. ಬೈಯುತ್ತಿದ್ದವನು ಮಾಲೀಕ ಕೆಂಚೇಶ್. ಎದುರಿನ ಸ್ಟೂಲಿನಲ್ಲಿ ಉಬ್ರಾಣಿಯ ಬೆನಕಪ್ಪ ಕುಳಿತಿದ್ದರು. ಮಗಳು ಚೈತ್ರಾಳ ಮದುವೆಯಾಗಿ ತಿಂಗಳಾದರೂ ವಿಡಿಯೋ ಕೈಗೆ ಬಂದಿರಲಿಲ್ಲ. ದಿನಾ ಮಧ್ಯಾಹ್ನ ವಿಡಿಯೋ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕಾದು ಬಿಸಿಯಾಗಿ ಕಂಪ್ಯೂಟರ್ ನಿಂತುಬಿಡುತ್ತಿತ್ತು.

"ಈ ಹುಡುಗಿಗೆ ಒಂದು ಮಿಷನ್ ನೋಡ್ಕೊಳ್ಳಾಕೆ ಬರಲ್ಲ ಬೆನಕಪ್ನೋರೆ," ಎಂದ ಕೆಂಚೇಶ್.

ಹೋದ ವಾರ ಇದೇ ಬಾಯಿ, "ನನ್ನ ಮದ್ವೆ ಆಗ್ತೀಯಾ ಸುಚಿ?" ಎಂದು ಕೇಳಿತ್ತು. ಒಂದು ವಾರ ಕೊಡ್ರಿ ಎಂದಿದ್ದಳು. ವಾರ ಇವತ್ತಿಗೆ ಮುಗಿದಿತ್ತು. ಹೂಂ ಅನ್ನಬೇಕೆಂದೇ ಅವಳು ಊಟದಿಂದ ಅರ್ಧ ಗಂಟೆ ಬೇಗ ಓಡಿ ಬಂದಿದ್ದಳು...

ಅವಳ ಮನಸ್ಸು ಗೆದ್ದದ್ದು ಅವನ ಒಂದೇ ಮಾತು. ದಿನಾ ಒಂದೂವರೆಗೆ ಸರಿಯಾಗಿ, "ಹಸ್ಕೊಂಡು ಕೂರ್ಬೇಡ, ಮನೆಗೆ ಹೋಗಿ ಉಂಡು ಬಾ," ಎನ್ನುತ್ತಿದ್ದ. ಅವಳನ್ನು ಹೆತ್ತವರೂ ಇಷ್ಟು ವಿಚಾರಿಸಿಕೊಂಡಿರಲಿಲ್ಲ.

ಆದರೆ ಮಾಡದ ತಪ್ಪನ್ನು ಹೊರಲು ಅವಳು ತಯಾರಿರಲಿಲ್ಲ. ಸೋಮವಾರವೇ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿಟ್ಟಿದ್ದಳು. ಕಾರ್ಡ್ ಎಷ್ಟು ದುಡಿಯುತ್ತಿದೆ, ಎಷ್ಟು ಕಾದಿದೆ ಎಂದು ಅದು ಐದೈದು ಸೆಕೆಂಡಿಗೆ ಬರೆದಿಡುತ್ತಿತ್ತು.

"ನೀವೇ ನೋಡ್ರಿ ಬೆನಕಪ್ನೋರೆ. ಬೆಳಗ್ಗೆ ನಾನು ಎಡಿಟ್ ಮಾಡುವಾಗ ಮೂವತ್ತು ಪರ್ಸೆಂಟ್. ಮಧ್ಯಾಹ್ನ ಒಂದು ಮೂವತ್ತೈದಕ್ಕೆ ನೂರು ಪರ್ಸೆಂಟ್, ಎಂಬತ್ತೇಳು ಡಿಗ್ರಿ. ನಾಲ್ಕು ದಿನಾನೂ ಹಂಗೇ ಐತೆ. ಆವಾಗ ನಾನು ಮನೇಲಿ ಉಣ್ತಿರ್ತೀನಿ."

"ದೆವ್ವ ಬಂದು ಕೂರ್ತೈತೆ ಬಿಡವ್ವ," ಎಂದು ಬೆನಕಪ್ಪ ನಕ್ಕರು.

ಕೆಂಚೇಶ್ ನಗಲಿಲ್ಲ.

ಸುಚಿತ್ರಾ ಇನ್ನೊಂದು ಸಾಲು ಟೈಪ್ ಮಾಡಿದಳು. ಈ ಕ್ಷಣ ಕಾರ್ಡನ್ನು ತಿನ್ನುತ್ತಿದ್ದ ಪ್ರೋಗ್ರಾಮಿನ ಹೆಸರು, ಅದು ಕೂತಿದ್ದ ಫೋಲ್ಡರ್ ಕೆಳಗೆ ಮೂಡಿದವು.

"ಬ್ಯಾಡ ಸುಚಿ. ಅದು ನಿನಗೆ ಸರ್ಪ್ರೈಸ್..."

ಅವಳು ಫೋಲ್ಡರ್ ತೆರೆದಳು.

ಒಳಗಿದ್ದ ವಿಡಿಯೋದಲ್ಲಿ ಶಾಂತಿಸಾಗರದ ಕೆರೆ ಏರಿ. ಹಸಿರು ಸೀರೆಯ ಹುಡುಗಿ ಹುಡುಗನ ಎದೆಗೆ ಒರಗಿದ್ದಳು. ಹುಡುಗನ ಮುಖ ಕೆಂಚೇಶನದು. ಹುಡುಗಿಯ ಮುಖ... ತನ್ನದು. ತನ್ನ ಕಪ್ಪು ಬಣ್ಣವನ್ನು ತೊಳೆದು ಬೆಳ್ಳಗೆ ಮಾಡಿದ್ದ. ನಕ್ಕಾಗ ಹಲ್ಲುಗಳು ಕರಗಿ ಒಂದಕ್ಕೊಂದು ಅಂಟುತ್ತಿದ್ದವು. ಆ ಬಾಯಿ ಅವನ ಕೆನ್ನೆಯ ಹತ್ತಿರ ಸರಿಯುತ್ತಿತ್ತು.

ಸುಚಿತ್ರಾ ಕುರ್ಚಿ ಹಿಂದಕ್ಕೆ ತಳ್ಳಿದಳು.

ಬೆನಕಪ್ಪ ಎದ್ದು ಪರದೆಗೆ ಮುಖ ಹಚ್ಚಿದರು.

"ಇದು ಮದ್ವೆಗೆ ಮುಂಚೆ ತೆಗ್ಸಿದ ವಿಡಿಯೋ. ಈ ಕೈ ನಮ್ಮ ಚೈತ್ರಂದು. ರೊಟ್ಟಿ ಹಂಚು ತಾಗಿ ಆದ ಕಲೆ. ನಾನೇ ಮುಲಾಮು ಹಚ್ಚಿದ್ದೆ." ಅವರ ದನಿ ಒಡೆಯಿತು. "ನನ್ನ ಮಗಳ ಮೈಗೆ ಬ್ಯಾರೆ ತಲೆ ಅಂಟಿಸೀಯಲ್ಲೋ. ಥೂ."

"ಪ್ರೀತಿಗೆ ಮಾಡಿದ್ದು," ಎಂದ ಕೆಂಚೇಶ್, ಸುಚಿತ್ರಾಳ ಕಡೆ ತಿರುಗಿ. "ನೀನಂದ್ರೆ ಜೀವ ನಂಗೆ. ಜಗಳೂರಿಗೆ ಅವ್ವಂಗೂ ಕಳ್ಸೀನಿ. ಹುಡುಗಿ ಬೆಳ್ಳಗೆ ಅದಾಳೆ, ಒಪ್ಪಿಗೆ ಅಂದ್ಳು."

"ನಾನು ಹೂಂ ಅನ್ನೋಕೆ ಮುಂಚೇನೇ?"

"ಅಂತೀಯ ಅಂತ ಗೊತ್ತಿತ್ತಲ್ಲ."

"ದಿನಾ ಉಂಡು ಬಾ ಅಂತಿದ್ರಲ್ಲ... ಅದು ಇದಕ್ಕೇನಾ?"

ಅವನು ಪರದೆಯ ಕಡೆ ತಿರುಗಿದ. ಅವನು ದಿನಾ ಉಣ್ಣಲು ಕಳಿಸಿದ್ದೆಲ್ಲ ಇದಕ್ಕೇ ಎಂದು ಅವಳಿಗೆ ತಿಳಿಯಿತು. ತಪ್ಪು ಮಾಡಿದ್ದೂ ಅಲ್ಲದೆ ಹೊರಗಿನವರ ಮುಂದೆ ಅವಳ ಮರ್ಯಾದೆ ಕಳೆದವನು ಈಗ ಪ್ರೀತಿ ಎಂಬ ಮಾತು ಎತ್ತುತ್ತಿದ್ದ.

"ಅಳಿಸ್ರಿ. ಅವರ ಕಣ್ಣೆದುರಿಗೇ."

ಅವನು ಪ್ರೋಗ್ರಾಮ್ ನಿಲ್ಲಿಸಿ ಒಂದೊಂದೇ ಫೈಲ್ ಅಳಿಸಿದ. ಕಪ್ಪು ಕಿಟಕಿಯಲ್ಲಿ ನೂರು ಇದ್ದದ್ದು ಸೊನ್ನೆಯಾಯಿತು. ಎಂಬತ್ತೇಳು ಎಂಬತ್ತಾಯಿತು, ಎಪ್ಪತ್ತಾಯಿತು.

ಸುಚಿತ್ರಾ ಕೈಚೀಲ ಹೆಗಲಿಗೆ ಹಾಕಿದಳು. ಅವನ ಮೌಸನ್ನು ಹಿಡಿದಿದ್ದ ತನ್ನ ಅಂಗೈಯನ್ನು ದುಪಟ್ಟಾಕ್ಕೆ ಎರಡು ಸಲ ಒರೆಸಿದಳು.

"ನಿಮ್ಮವ್ವಂಗೆ ಹೇಳ್ರಿ. ಅವರು ಒಪ್ಪಿದ ಹುಡುಗಿ ಎಲ್ಲೂ ಇಲ್ಲ ಅಂತ."

"ಹಂಗೇ ಹೋಗ್ಬೇಡ ಸುಚಿ... ಊಟನಾದ್ರೂ ಸರಿಯಾಗಿ ಮಾಡಿದ್ಯಾ?"

"ಮಾಡಿದ್ದೆ. ಈಗ ವಾಂತಿ ಬರೋ ಹಂಗೈತೆ."

ಅವಳು ಮೆಟ್ಟಿಲಿಳಿದು ನ್ಯಾಮತಿ ಬಸ್ಸಿನ ಹಿಂದೆ ಮರೆಯಾದಳು. ಬೆನಕಪ್ಪನವರೂ ಮಗಳ ವಿಡಿಯೋ ಇದ್ದ ಡಿಸ್ಕ್ ಕಿತ್ತುಕೊಂಡು ಹೊರಟರು.

ಮರುದಿನ ಕೆಂಚೇಶ್, ಅವಳು ಊಟ ಮುಗಿಸಿ ಬರುತ್ತಿದ್ದ ಎರಡೂವರೆಯವರೆಗೆ ಬಾಗಿಲು ನೋಡುತ್ತ ಕುಳಿತ. ಅವಳು ಬರೆದಿಟ್ಟ ಸಾಲು ಇನ್ನೂ ಓಡುತ್ತಿತ್ತು. ಐದು ಸೆಕೆಂಡಿಗೊಮ್ಮೆ ಸೊನ್ನೆ. ಮತ್ತೆ ಸೊನ್ನೆ.

ಅವಳು ಬರಲಿಲ್ಲ.