ಸೂಜಿಯಿಲ್ಲದ ಕೈ

"ಇಷ್ಟು ಹರಿದಿರೋ ಪುಸ್ತಕ ಕೊಟ್ಟು ಸಂಜೆಗೇ ಬೇಕು ಅಂದ್ರೆ ನಾನಾದ್ರೂ ಏನ್ಮಾಡ್ಲಿ ಮೇಡಂ?"

ಬೈಂಡರ್ ಯೋಚನೆಗೆ ಬಿದ್ದ. ಹೆಬ್ಬೆರಳು ತೋರುಬೆರಳು ಜೋಡಿಸಿ ಎಡಗಿವಿಯ ಮೇಲಿನ ಕೂದಲಲ್ಲಿ ಎರಡು ಸಲ ಎಳೆದ, ಆಮೇಲೆ ಹುಬ್ಬನ್ನು ಒಮ್ಮೆ ಸವರಿದ. ಮೇಜಿನ ಈಚೆ ಕೂತಿದ್ದ ಲೈಬ್ರರಿ ಮೇಡಂ ಕೈಯೂ ಅದೇ ಹೊತ್ತಿಗೆ ಅದನ್ನೇ ಮಾಡಿತು!

ಅಟೆಂಡರಮ್ಮ ಕಿಸಕ್ಕನೆ ನಕ್ಕಳು. "ಇಬ್ಬರನ್ನೂ ಒಂದೇ ಅಚ್ಚಲ್ಲಿ ತೆಗೆದ ಹಾಗಿದೆಯಲ್ರೀ!"

ಬೈಂಡರ್, ಮೇಡಂ ಇಬ್ಬರ ಕಣ್ಣೂ ಕೂಡಿದವು. ಮೇಡಂ ಸಂಜೆಯ ಗಡುವನ್ನೇ ಮರೆತಳು.

ಎಂಟು ತಿಂಗಳಲ್ಲಿ ಹರಿದ ಪುಸ್ತಕಗಳೆಲ್ಲ ಮುಗಿದವು. ಅವನು ಬರುವುದು ನಿಲ್ಲದಿರಲೆಂದು ಗಟ್ಟಿಯಾಗಿದ್ದ ಒಂದೆರಡರ ಹೊಲಿಗೆಯನ್ನು ಅವಳೇ ಬಿಚ್ಚಿಟ್ಟದ್ದೂ ಉಂಟು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ; ಇಲ್ಲಿ ನಾಚಿಕೆಯೂ ಇರಲಿಲ್ಲ ಅನ್ನಿ!

ಒಂದು ವಿಷಯ ಮಾತ್ರ ಅವಳು ಅವನನ್ನು ಕೇಳಲಿಲ್ಲ: ಅಪ್ಪನ ವಿಷಯ. ತನ್ನನ್ನೂ ಯಾರೂ ಅದನ್ನು ಕೇಳಬಾರದೆಂದು. ಅವಳಿಗೆ ಒಂಬತ್ತು ತುಂಬಿದ ವರ್ಷ ಅಪ್ಪ ಮನೆ ಬಿಟ್ಟು ಹೋಗಿದ್ದ.

ಒಂದು ಭಾನುವಾರ ಅವನನ್ನು ಮನೆಗೆ ಕರೆದಳು.

"ಮನೇಲಿ ಯಾರ್ಯಾರಿದ್ದೀರಪ್ಪ?" ಅಮ್ಮ ಅಕ್ಕರೆಯಿಂದಲೇ ಕೇಳಿದಳು.

"ಅಮ್ಮ, ನಾನು, ಅಷ್ಟೇ." ಹೇಳುತ್ತಾ ಅವನ ಕೈ ಎಡಗಿವಿಯ ಮೇಲೆ ಹೋಯಿತು. ಎರಡು ಸಲ, ಆಮೇಲೆ ಹುಬ್ಬು.

ಅಮ್ಮ ಥಟ್ಟನೆ ಒಳಗೆ ಎದ್ದುಹೋದಳು. ಅವನು ಹೊರಟ ಮೇಲೆಯೇ ಹೊರಗೆ ಬಂದದ್ದು.

"ಪುಟ್ಟೀ, ಅವನನ್ನ ಮರೆತುಬಿಡು. ಬೈಂಡಿಂಗ್ ಕಸುಬೂ ನಿನ್ನಪ್ಪಂದೇ, ಚಾಳೀನೂ ನಿನ್ನಪ್ಪಂದೇ! ನಿನಗೂ ಅದೇ ಚಾಳಿ, ಎಷ್ಟು ಬಯ್ದ್ರೂ ಬಿಡ್ಲಿಲ್ಲ. ಇಂಥದ್ದೆಲ್ಲ ರಕ್ತದಲ್ಲಿ ಬರೋದು ಕಣೇ… ಆ ಮನುಷ್ಯನಿಗೆ ಬೇರೆ ಸಂಸಾರ ಇದೆ, ಮಗ ಇದ್ದಾನೆ ಅಂತ ಜನ ಆಗಲೇ ಹೇಳಿದ್ರು."

'ಅಂದ್ರೆ ಇವನು ನನಗೆ… ಅಣ್ಣನಾ? ದೇವರೇ!'

ಅವನು ಹಿಡಿದಿದ್ದ ಕೈಯನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದಳು. ತೊಳೆದ ಮೇಲೂ ಅವನೇ ಬೇಕೆನಿಸಿತು. ಅದಕ್ಕೇ ಇನ್ನೂ ಹೆಚ್ಚು ಅಳು ಬಂತು.

ಹದಿನೇಳು ದಿನ ಅವಳು ಫೋನ್ ಎತ್ತಲಿಲ್ಲ. ಹದಿನೆಂಟನೇ ದಿನ ಅವನೇ ಪುಸ್ತಕದ ಕಪಾಟುಗಳ ನಡುವೆ ದಾರಿಗೆ ಅಡ್ಡ ನಿಂತ.

"ತಪ್ಪು ಮಾಡಿದ್ರೆ ಬಯ್ಯಿ. ಹೀಗೆ ಸುಮ್ಮನಿದ್ದು ಸಾಯಿಸಬೇಡ!"

"ನಿಮ್ಮಪ್ಪ ಯಾರು?" ಅವಳು ಕೇಳಿಯೇಬಿಟ್ಟಳು.

ಅವನು ತಬ್ಬಿಬ್ಬಾದ. "ಬಸ್ ಡ್ರೈವರ್. ನಾನು ಹತ್ತು ವರ್ಷದವನಿದ್ದಾಗ ತೀರಿಕೊಂಡ್ರು. ಯಾಕೆ?" ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿದ. ಅವನದೇ ಮೂಗು, ಅವನದೇ ಗದ್ದ, ತಲೆ ಮಾತ್ರ ಬೋಳು.

ಅವಳು ತನ್ನ ಎಡಗಿವಿಯ ಮೇಲೆ ಬೆರಳು ಎಳೆದು ತೋರಿಸಿದಳು. "ಹಾಗಾದ್ರೆ ಆ ಚಾಳಿ… ಕಿವಿ ಮೇಲೆ ಹೀಗೆ ಹೀಗೆ ಮಾಡ್ತೀರಲ್ಲ, ಅದು?"

"ನಾನಾ? ಮಾಡ್ತೀನಾ?" ಅವನು ತನ್ನ ಕೈಯನ್ನೇ ನೋಡಿಕೊಂಡ. "ಓ… ಅದು ನನಗೆ ಬೈಂಡಿಂಗ್ ಕಲಿಸಿದ ಮೇಷ್ಟ್ರದ್ದು. ದಪ್ಪ ಕಾಗದದಲ್ಲಿ ಸೂಜಿ ಇಳೀದಿದ್ರೆ ಕೂದಲಿಗೆ ತಿಕ್ಕಬೇಕು, ಎಣ್ಣೆ ಹತ್ತಿ ಸರಾಗವಾಗಿ ಹೋಗತ್ತೆ. ಅವರು ಬರಿಗೈಯಲ್ಲೂ ತಿಕ್ಕೋರು, ಹುಬ್ಬಿಗೂ ಒಂದು ಸಲ. ಹನ್ನೊಂದು ವರ್ಷ ಅವರ ಎದುರಿಗೆ ಕೂತಿದ್ನಲ್ಲ, ಅಂಟಿರಬೇಕು."

"ಅವರ ಹೆಂಡತಿ, ಮಗ…?"

"ಯಾರನ್ನೂ ಕಾಣೆ. ಅಂಗಡೀಲೇ ಒಬ್ಬರೇ ಮಲಗ್ತಾರೆ."

ಅವಳು ತನ್ನಪ್ಪನ ಹೆಸರು ಹೇಳಿದಳು. "ಅದು ನಮ್ಮ ಮೇಷ್ಟ್ರ ಹೆಸರೇ!" ಎಂದ ಅವನು.

'ಅಣ್ಣನಲ್ಲ! ಅಣ್ಣನಲ್ಲ!' ಮನಸ್ಸು ಕುಣಿಯಬೇಕಿತ್ತು. ಕುಣಿಯಲಿಲ್ಲ.

"ಹನ್ನೊಂದು ವರ್ಷ…" ಎಂದಳು. "ನನಗೆ ಸಿಕ್ಕಿದ್ದು ಒಂಬತ್ತು. ಮಗಳಿಗಿಂತ ಎರಡು ವರ್ಷ ಜಾಸ್ತಿ ನೀವು ಇಟ್ಕೊಂಡ್ರಲ್ಲ ಅವರನ್ನ!" ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅವನೂ ಪಕ್ಕದಲ್ಲಿ ನೆಲದ ಮೇಲೇ ಕೂತ.

"ಅವರನ್ನ ನೋಡು ಅಂತ ನನಗೆ ಹೇಳ್ಬೇಡಿ," ಎಂದಳು ಬಿಕ್ಕುತ್ತಲೇ.

"ಹೇಳಲ್ಲ. ಸುಳ್ಳೂ ಹೇಳಲ್ಲ. ಅನ್ನದ ದಾರಿ ತೋರಿಸಿದವರು, ನನಗೆ ಅವರ ಮೇಲೆ ಪ್ರೀತಿ ಇದೆ. ಆದ್ರೆ ನಾನು ನಿಲ್ಲೋದು ನಿನ್ನ ಪಕ್ಕ."

"ಮದುವೆಗೂ ಕರೆಯೋ ಹಾಗಿಲ್ಲ, ನಾನು ಹೂಂ ಅನ್ನೋವರೆಗೆ."

"ಆಯ್ತು." ಅವನು ತಡವರಿಸಿದ. "ಮದುವೆ… ಅಂದೆಯಲ್ಲ?"

ಅವಳು ಕಣ್ಣೊರೆಸಿಕೊಂಡಳು. "ಕಿವಿ ಕೇಳಿಸಲ್ವಾ? ಮೊದಲು ಅಮ್ಮನ ಹತ್ರ ಹೋಗೋಣ ನಡೀರಿ. ಹತ್ತೊಂಬತ್ತು ವರ್ಷ ಇಲ್ಲದ ಸವತಿಗೆ ಶಾಪ ಹಾಕಿದ್ದಾಳೆ ಪಾಪ. ನಾನೊಬ್ಬಳೇ ಹೇಳೋಕಾಗಲ್ಲ."

"ನಾನಿದ್ದೀನಲ್ಲ."

"ಕೈ ಕೊಡಿ, ಏಳ್ತೀನಿ," ಎಂದಳು ಅವಳು.