ತಲೆಕೆಳಗಾದ ಹೊಲ

ಕದಿರಮ್ಮನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಮಾತು ಆಮೇಲೆ. ಆ ದಿನ ಚಿನ್ನದ ಗಣಿಯ ಊರು ಕೋರಮಂಡಲ್‌ನ ಪುಟ್ಟ ಚಿತ್ರಶಾಲೆಯಲ್ಲಿ ಎರಡೂ ಒಟ್ಟಿಗೇ ಆದವು.

"ಯಾರ್ರೀ ಇದನ್ನ ತಗಲಾಕಿದ್ದು?"

ಚಿತ್ರಶಾಲೆ ಎಂದರೆ ವಾಚನಾಲಯದ ಹಿಂದಿನ ಕೋಣೆ, ಅಷ್ಟೆ. 1961ರ ಆ ಬೇಸಿಗೆಯಲ್ಲಿ ಅದಕ್ಕೆ ಸುಣ್ಣ ಹೊಡೆಸಿ, ಸುತ್ತಲಿನ ಕಲಾವಿದರ ನಿಸರ್ಗ ಚಿತ್ರಗಳನ್ನು ತರಿಸಿ ಪ್ರದರ್ಶನ ಇಟ್ಟಿದ್ದರು. ಬಂಗಾರಪೇಟೆಯ ಡ್ರಾಯಿಂಗ್ ಮೇಷ್ಟರ ತಾವರೆ ಕೆರೆ, ಯಾರೋ ಬರೆದ ಬೆಟ್ಟ, ಇನ್ಯಾರದೋ ಹುಣಸೆ ತೋಪು. ನಡುಗೋಡೆಯಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ, ಕಾಮಸಮುದ್ರದಿಂದ ಕದಿರಮ್ಮ ಕಳಿಸಿದ್ದ ಹೊಲ. ಅದೂ ತಲೆಕೆಳಗಾಗಿ.

ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದ ಯುವಕ ಇಳಿದು ಬಂದ. ಚಾಂಪಿಯನ್ ರೀಫ್ಸ್ ಗಣಿಯ ಮುನಿಶಾಮಿ. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸ ಅವನದು. ಶಿಫ್ಟ್ ಮುಗಿಸಿ ಬಂದು, ಈ ಚಿತ್ರಗಳಿಗೆಲ್ಲ ಚೌಕಟ್ಟು ಕಟ್ಟಿ ತೂಗುಹಾಕಿದವನೂ ಅವನೇ.

"ನಾನೇ. ಯಾಕೆ, ಸೊಟ್ಟ ಐತಾ? ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದೀನಿ, ಒಂದು ನೂಲೂ ಆಚೀಚೆ ಇಲ್ಲ."

"ಸೊಟ್ಟ ಅಲ್ಲ, ಪೂರಾ ಉಲ್ಟಾ! ಇದು ನಮ್ಮ ಒಲ ಕಣ್ರೀ. ಆಕಾಶನ ಕೆಳಗಾಕಿ ಮಣ್ಣನ್ನ ತಲೆ ಮೇಲೆ ಇಟ್ಟಿದೀರಲ್ಲ!"

ಮುನಿಶಾಮಿ ಚಿತ್ರವನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಚಿತ್ರವನ್ನು ನೋಡಿದ. ಮೊದಲ ಉಳುಮೆಯಾದ ಕೆಂಪು ಹೊಲ. ಸಾಲುಗಳೆಲ್ಲ ದೂರ ಹೋಗುತ್ತ ಒಂದಾಗಿ, ಬೆಳಗಿನ ಒಂದು ಗೆರೆ ಬೆಳಕನ್ನು ಮುಟ್ಟುತ್ತಿದ್ದವು. ಯಾವ ಕಡೆ ಮೇಲು ಎಂದು ಹೇಳಲು ಮರವಿಲ್ಲ, ಹಕ್ಕಿಯಿಲ್ಲ. ತನ್ನ ಹೆಸರನ್ನೂ ಕದಿರಮ್ಮ ಹಿಂಬದಿಯಲ್ಲೇ ಬರೆದಿದ್ದಳು.

"ನಾನು ಗಣಿ ಸುರಂಗ ಅನ್ಕೊಂಡೆ," ಎಂದ ಮೆಲ್ಲಗೆ. "ನಮಗೆ ನೆಲ ತಲೆ ಮೇಲೇ ಇರೋದಲ್ವಾ? ಮೇಲೆಲ್ಲ ಬಂಡೆ, ಕೊನೇಲಿ ಒಂಚೂರು ಬೆಳಕು. ವಾರದಿಂದ ದಿನಾ ಬಂದು ಇದರ ಮುಂದೇನೇ ನಿಂತ್ಕೋತಿದೀನಿ. ಬರೆದೋರು ಯಾರೋ ನಮ್ಮ ಜತೆ ಒಳಕ್ಕೆ ಇಳಿದವ್ರೆ ಅನ್ಕೊಂಡೆ."

ಬೈಯಲು ಹೊರಟಿದ್ದ ಕದಿರಮ್ಮ ಅವನ ಮುಖ ನೋಡಿದಳು. ಅವನ ಎಡಗಣ್ಣಿನ ರೆಪ್ಪೆಯ ಮೇಲೆ ಸುಣ್ಣದ ಹುಡಿ ಕೂತಿತ್ತು. ಒರೆಸಿಕೊಳ್ಳಿ ಎಂದು ಹೇಳಬೇಕೆನಿಸಿತು, ಹೇಳದೆ ಅದನ್ನೇ ನೋಡುತ್ತ ನಿಂತಳು. ನೋಡುತ್ತಿರುವುದು ಅವನಿಗೂ ತಿಳಿಯಿತು. ಕದಿರಮ್ಮ ಸೆರಗು ಎಳೆದುಕೊಂಡು ತಾವರೆ ಕೆರೆಯ ಕಡೆ ತಿರುಗಿದಳು. ಆ ಕೆರೆಯಲ್ಲಿ ಅವಳಿಗೆ ಒಂದು ತಾವರೆಯೂ ಕಾಣಲಿಲ್ಲ.

"ತಿರುಗ್ಸಿ ಆಕಿ," ಎಂದಳು. ದನಿ ಅರ್ಧಕ್ಕೆ ಇಳಿದಿತ್ತು.

ಅಷ್ಟರಲ್ಲಿ ವಾಚನಾಲಯದ ಕಾರ್ಯದರ್ಶಿ ರಾಮಚಂದ್ರಪ್ಪ ಓಡಿಬಂದರು. "ಅಯ್ಯೋ, ಮುಟ್ಟಬೇಡಿ! ಬೆಳಗ್ಗೆ ಅಧ್ಯಕ್ಷರು ನೋಡಿ, ಗಣಿಯ ಆತ್ಮವೇ ಇಲ್ಲಿದೆ ಅಂತ ಹೊಗಳಿ, ಇದಕ್ಕೇ ಮೊದಲ ಬಹುಮಾನ ಅಂದುಬಿಟ್ಟಿದ್ದಾರೆ. ಗೆದ್ದ ಚಿತ್ರ ಈ ಗೋಡೆ ಮೇಲೆ ಶಾಶ್ವತವಾಗಿ ಇರುತ್ತೆ, ಕೆಳಗೆ ಹಿತ್ತಾಳೆ ತಗಡಿನಲ್ಲಿ ನಿನ್ನ ಹೆಸರು. ಈಗ ತಿರುಗಿಸಿದರೆ ಅವರ ಮರ್ಯಾದೆ ಏನಾಗಬೇಕು? ಸುಮ್ಮನಿದ್ದುಬಿಡಮ್ಮ."

ಹಿತ್ತಾಳೆಯಲ್ಲಿ ಹೆಸರು! ಮೂರು ವರ್ಷ ಬಸ್ಸಿನಲ್ಲಿ ಬಂಗಾರಪೇಟೆಗೆ ಓಡಾಡಿ ಮೇಷ್ಟರ ಹತ್ತಿರ ಕಲಿತವಳು ಅವಳು. ಗೋಡೆಗೆ ಕೆಮ್ಮಣ್ಣು ಬಳಿಯೋಕೆ ಇಷ್ಟೆಲ್ಲ ಕಲೀಬೇಕಾ ಎಂದು ನಕ್ಕ ನೆಂಟರ ಬಾಯಿ ಮುಚ್ಚಿಸಲು ಇದೊಂದೇ ಸಾಕಿತ್ತು. ಆಸೆಯೇನೋ ಆಯಿತು. ತಿರುಗಿ ಗೋಡೆಯ ಮೇಲಿನ ತನ್ನ ಹೊಲವನ್ನು ನೋಡಿದಳು.

"ಬ್ಯಾಡ ಸಾರ್. ನಮ್ಮಪ್ಪ ಉತ್ತಿರೋ ಒಲ ಅದು. ಅದನ್ನ ತಲೆಕೆಳಗೆ ಮಾಡಿ ಬಹುಮಾನ ಈಸ್ಕೊಳಲ್ಲ."

"ಹಾಗಾದ್ರೆ ಸಂಜೆ ಬಹುಮಾನದ ಸಭೆಯಲ್ಲಿ ಅಧ್ಯಕ್ಷರಿಗೆ ನೀನೇ ಹೇಳ್ಕೋ," ಎಂದು ರಾಮಚಂದ್ರಪ್ಪ ಕೈ ಕೊಡವಿಕೊಂಡು ಹೋದರು.

ನಾಲ್ಕು ಗಂಟೆಗೆ ಕೋಣೆ ತುಂಬಿತು. ಹಿಂದೆ ಗಣಿಯವರು, ಮುಂದೆ ದೊಡ್ಡವರು. ಅಧ್ಯಕ್ಷರು ಆ ಚಿತ್ರದ ಮಾತು ಎತ್ತಿದ್ದೇ ಕದಿರಮ್ಮ ಎದ್ದಳು. ಅವಳಿಗಿಂತ ಮೊದಲೇ ಮುನಿಶಾಮಿ ಗೋಡೆಯ ಹತ್ತಿರ ನಿಂತಿದ್ದ.

"ಸ್ವಾಮೀ, ತಪ್ಪು ನಂದು. ಬರೆದೋರು ಸರಿಯಾಗೇ ಬರೆದವ್ರೆ, ಉಲ್ಟಾ ತಗಲಾಕ್ದೋನು ನಾನು." ಎಲ್ಲರ ಎದುರಿಗೇ ಚಿತ್ರ ಇಳಿಸಿ, ತಿರುಗಿಸಿ ಹಿಡಿದ.

"ಏನ್ಲಾ ಮುನಿಶಾಮಿ, ಆಕಾಶ ಯಾವ ಕಡೆ ಇರ್ತದೆ ಅಂತಾನೂ ಮರ್ತೋದ್ಯಾ?" ಎಂದು ಯಾರೋ ಕೂಗಿದರು. ಕೋಣೆಯೆಲ್ಲ ನಕ್ಕಿತು. ಅವನು ತಲೆ ತಗ್ಗಿಸಲಿಲ್ಲ. ಅವನ ಗ್ಯಾಂಗಿನ ಹಿರಿಯ ಕುಪ್ಪುಸ್ವಾಮಿ ಮಾತ್ರ ನಗದೆ ಮುಂದೆ ಬಂದು ಚಿತ್ರವನ್ನೇ ದಿಟ್ಟಿಸಿದ. "ಶಿಫ್ಟ್ ಮುಗ್ಸಿ ಮೇಲಕ್ಕೆ ಬತ್ತೀವಲ್ಲಪ್ಪಾ, ಅವಾಗ ನೆಲ ಇಂಗೇ ಕಾಣ್ತದೆ," ಎಂದ. ನಗು ಅಲ್ಲಿಗೆ ನಿಂತಿತು.

ಅಧ್ಯಕ್ಷರ ಮುಖ ಹುಳ್ಳಗಾಯಿತು. "ಓ, ಬರೀ ಮಣ್ಣೋ," ಎಂದು ಬಹುಮಾನವನ್ನು ತಾವರೆ ಕೆರೆಗೆ ಕೊಟ್ಟರು.

ಕದಿರಮ್ಮ ತನ್ನ ಚಿತ್ರ ಇಸಿದುಕೊಂಡು ಜನರ ನಡುವಿನಿಂದಲೇ ಹೊರಟಳು. ಕಣ್ಣು ತುಂಬಿತ್ತು, ಕತ್ತು ಮಾತ್ರ ಬಗ್ಗಲಿಲ್ಲ. ಮುನಿಶಾಮಿ ಬಸ್ ಸ್ಟ್ಯಾಂಡಿನವರೆಗೂ ನಾಲ್ಕು ಹೆಜ್ಜೆ ಹಿಂದೆಯೇ ಬಂದ.

"ಕೊಡಿ, ನಾನು ಇಡ್ಕೋತೀನಿ."

"ಬ್ಯಾಡಪ್ಪ, ತಿರ್ಗ ಉಲ್ಟಾ ಇಡ್ಕೊಂಡೀರಾ."

ಅವನು ನಕ್ಕ. ಅಳಬೇಕೆಂದಿದ್ದ ಅವಳಿಗೂ ನಗು ತಡೆಯಲಾಗಲಿಲ್ಲ.

"ನನ್ನಿಂದ ನಿಮ್ಗೆ ಆ ಗೋಡೆ ತಪ್ಪೋಯ್ತು," ಎಂದ.

"ಓಗ್ಲಿ ಬಿಡಿ. ಅಷ್ಟು ಜನ ನಗ್ತಿದ್ರೂ ನೆಟ್ಟಗೆ ನಿಂತಿದ್ರಲ್ಲ, ನಂಗೆಷ್ಟು ಹೆಮ್ಮೆ ಆಯ್ತು ಗೊತ್ತಾ?"

ಆಡಿದ ಮೇಲೆ ನಾಚಿಕೆಯಾಯಿತು. ಇವತ್ತಷ್ಟೇ ಕಂಡ ಗಂಡಸಿನ ಬಗ್ಗೆ ಹೆಮ್ಮೆಪಡಲು ತಾನು ಯಾರು? ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಕಾಮಸಮುದ್ರದ ಬಸ್ಸು ಬಂತು. ಮುನಿಶಾಮಿ ಅವಸರದಲ್ಲಿ ಹೇಳಿದ: "ನಮ್ಮನೇಲಿ ಒಂದು ಗೋಡೆ ಐತೆ. ಬಾಗಿಲು ತೆಗೆದ್ರೆ ನೇರ ಬೆಳಕು ಬೀಳ್ತದೆ. ಈ ಚಿತ್ರ ನಂಗೆ ಕೊಡ್ತೀರಾ?"

ಕದಿರಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. ಈ ಸಲ ಕಣ್ಣು ಬೇರೆ ಕಡೆ ಹೊರಳಿಸಲಿಲ್ಲ.

"ಚಿತ್ರ ಒಂದೇ ಬರಲ್ಲ, ಬರೆದೋಳೂ ಜತೇಲೇ ಬತ್ತಾಳೆ. ಭಾನುವಾರ ದೊಡ್ಡೋರನ್ನ ಕರ್ಕೊಂಡು ಬಂದು ನಮ್ಮಪ್ಪನ್ನ ಕೇಳಿ."