ಅವ್ವನ ಪಕ್ಕ ನಿಂತವನು

"ಕಿಟಕಿಯೊಳಗಿನ ಆ ಫೋಟೋ ತೆಗೀರಿ. ಈಗ್ಲೇ ತೆಗೀರಿ."

ರಘುನಾಥ್ ತಿರುಗಿ ನೋಡಿದ. ಸ್ಟುಡಿಯೋ ಬಾಗಿಲಲ್ಲಿ ಶಿವಲೀಲಾ. ಜೀನ್ಸ್ ಹೊಲಿಯುವ ಯೂನಿಟ್‌ನಿಂದ ನೇರ ಬಂದವಳ ಬೆರಳಿಗೆ ಇನ್ನೂ ನೀಲಿ ಅಂಟಿತ್ತು.

ದುಡಿಯಲು ಊರು ಬಿಡುವ ಮುಂಚೆ ರಾಯದುರ್ಗದ ಈ ಸ್ಟುಡಿಯೋದಲ್ಲಿ ಫೋಟೋ ತೆಗೆಸಿ, ಒಯ್ಯಲು ಬಾರದೇ ಹೋದವರು ಎಷ್ಟೋ ಮಂದಿ. ಸ್ಟುಡಿಯೋ ನಡೆಸುತ್ತಿದ್ದ ಅಪ್ಪ ತೀರಿದ ಮೇಲೆ ರಘುನಾಥ್ ಆ ಫೋಟೋಗಳನ್ನೆಲ್ಲ ಗಾಜಿನ ಕಿಟಕಿಯಲ್ಲಿಟ್ಟು, 'ಇವರು ಯಾರು? ಗೊತ್ತಿದ್ದವರು ಹೇಳಿ' ಎಂದು ಬರೆದಿದ್ದ.

ಅದರಲ್ಲೊಂದು ಶಿವಲೀಲಾಳ ತೀರಿಹೋದ ಅವ್ವನದು. ಅವ್ವನ ಹೆಗಲ ಮೇಲೆ ಕೈಯಿಟ್ಟು ನಿಂತವನು ಮಾತ್ರ ಅವಳ ಅಪ್ಪನಲ್ಲ...

"ನಮ್ಮಪ್ಪ ಇದನ್ನ ನೋಡಿ ಊಟ ಬಿಟ್ಟಾನ. ಯೂನಿಟ್ ತುಂಬ ಗುಸುಗುಸು. ನಾ ಒಲ್ಲೆ ಅಂದಿದ್ದಕ್ಕ ಹಿಂಗ ಸೇಡು ತೀರಿಸ್ಕೊಂಡ್ರೇನು?"

ಹೋದ ತಿಂಗಳು ಅವನು ದಾರಿಯಲ್ಲೇ, ಗೆಳತಿಯರೆದುರು ಮದುವೆಯ ಮಾತೆತ್ತಿದ್ದ. ನಾಚಿಕೆಗೋ ಸಿಟ್ಟಿಗೋ ಅವಳು ಒಲ್ಲೆ ಅಂದಿದ್ದಳು.

"ನಿಮ್ಮವ್ವ ಅಂತ ಗೊತ್ತಿರಲಿಲ್ರಿ." ಅವನು ಕಿಟಕಿಯಿಂದ ಫೋಟೋ ಹೊರತೆಗೆದ. "ಅವರ ತವರು ಯಾವ್ದು?"

"ರೊಳ್ಳದ ಕಡೆ. ತನಗ ಯಾರೂ ಇಲ್ಲ ಅಂತಿದ್ಳು. ನಿಮಗ್ಯಾಕ ಅದು?"

ಮರುದಿನ ಸ್ಟುಡಿಯೋಗೆ ಬೀಗ. ಅದರ ಮರುದಿನವೂ.

ಶಿವಲೀಲಾಳ ಮಿಷನ್‌ನಲ್ಲಿ ಸೂಜಿ ಮುರಿಯಿತು. ಎಡಗಾಲಿಗೆ ಬಲಗಾಲಿನ ಜೇಬು ಹೊಲಿದಳು. 'ಎಲ್ಲಿಗೆ ಹೋದ? ನಾ ಅಷ್ಟು ಬಿರುಸಾಗಿ ಅನ್ನಬಾರದಿತ್ತು...' ಊಟದ ಹೊತ್ತಿಗೆ ಓಡಿ ಹೋಗಿ ಬೀಗ ನೋಡಿ ಬಂದಳು.

ಭಾನುವಾರ ಬೆಳಿಗ್ಗೆ ಅವನೇ ಮನೆಗೆ ಬಂದ, ಬಿಳಿಮೀಸೆಯ ಮುದುಕನೊಬ್ಬನ ಜೊತೆ. ಫೋಟೋ ಹಿಡಿದು ರೊಳ್ಳದ ಸುತ್ತಿನ ಹಳ್ಳಿಗಳನ್ನೆಲ್ಲ ಅಲೆದು ಹುಡುಕಿದ್ದ.

"ನಾನು ಚಿತ್ತಪ್ಪ. ನಿಮ್ಮವ್ವನ ಅಣ್ಣ ಕಣಮ್ಮ," ಅಂದ ಮುದುಕ. "ಅವಳು ಇಷ್ಟಪಟ್ಟವರನ್ನ ಮದುವೆ ಆದ್ಲು ಅಂತ ನಮ್ಮಪ್ಪ ಮನೆಬಾಗ್ಲು ಮುಚ್ಚಿಬಿಟ್ಟ. ಬೆಂಗಳೂರಿಗೆ ಕೂಲಿಗೆ ಹೋಗೋ ಮುಂಚೆ ಕದ್ದು ಬಂದು ಅವಳ್ನ ನೋಡಿ, ಜೊತೆಗೆ ನಿಂತು ಈ ಫೋಟೋ ತೆಗೆಸಿದ್ದೆ. ಫೋಟೋ ಇಸ್ಕೊಳ್ಳಾಕೆ ಆಗ್ಲೇ ಇಲ್ಲ..."

ಶಿವಲೀಲಾಳ ಅಪ್ಪ ಫೋಟೋವನ್ನು ಬಹಳ ಹೊತ್ತು ನೋಡಿದ. ಆಮೇಲೆ ಚಿತ್ತಪ್ಪನ ಕೈ ಹಿಡಿದು ಅತ್ತುಬಿಟ್ಟ. "ಲೀಲಾ, ಮಾವಗ ತಾಟು ಹಾಕವ್ವ. ನನಗೂ."

ಬಡಿಸಿ ಹೊರಗೆ ಬಂದಾಗ ರಘುನಾಥ್ ಚಪ್ಪಲಿ ಮೆಟ್ಟುತ್ತಿದ್ದ.

"ತಪ್ಪು ತಿಳ್ಕೊಂಡಿದ್ದೆ ರೀ."

"ಇರ್ಲಿ ಬಿಡ್ರಿ."

"ಅವತ್ತು ಕೇಳಿದ್ರಲ್ಲ... ಈಗ ಕೇಳ್ರಿ. ಇಲ್ಲಿ ಯಾರೂ ಇಲ್ಲ."

ಅವನು ಮೆಟ್ಟಿದ ಚಪ್ಪಲಿ ಬಿಟ್ಟು ನಿಂತ. "ಮತ್ತ ಒಲ್ಲೆ ಅಂದ್ರ?"

"ಕೇಳದ ಹೆಂಗ ಗೊತ್ತಾಗ್ತೈತಿ?"

"ನನ್ನ ಮದ್ವಿ ಆಗ್ತೀರೇನು, ಶಿವಲೀಲಾ?"

"ಹೂಂ." ಕಣ್ಣೊರೆಸಿಕೊಂಡು ಅವಳು ಪಕ್ಕಕ್ಕೆ ಸರಿದಳು. "ಊರೂರು ತಿರುಗಿ ಮುಖ ಬಾಡೈತಿ. ಒಳಗ ಬರ್ರಿ, ಉಣ್ಣೀರಂತ."